ಇದ್ದಕ್ಕಿದ್ದಂತೆ ನಿಂತುಹೋದ ಎಂಪಿ3 ಪ್ಲೇಯರ್. ಒಳಗೆ ಅಜ್ಜಿಯ ಹಾಡುಗಳಿವೆ

ನಿಟ್ಟೂರಿನಿಂದ
ಜುಲೈ 11, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಎಂಪಿ3 ಪ್ಲೇಯರ್ ಒಂದು ನಮ್ಮಲ್ಲಿದೆ. 2011ರಲ್ಲಿ ಅಣ್ಣ ತಂದುಕೊಟ್ಟದ್ದು. ನಾಲ್ಕು ಜಿಬಿ, ಕಾರ್ಡ್ ಹಾಕುವ ಜಾಗವಿಲ್ಲ, ಬ್ಯಾಟರಿ ಒಳಗೇ ಇದೆ. ಮೊನ್ನೆ ಸಂಜೆ ಕೊಟ್ಟಿಗೆಯ ಕೆಲಸ ಮುಗಿಸಿ ಬಂದು ಜಗಲಿಯಲ್ಲಿ ಕುಳಿತು ಕೇಳುತ್ತಿದ್ದೆ. ಹಾಡಿನ ನಡುವೆಯೇ ಶಬ್ದ ನಿಂತಿತು, ಪರದೆ ಕಪ್ಪಾಯಿತು. ಬ್ಯಾಟರಿಯ ಗುರುತು ಅರ್ಧಕ್ಕಿಂತ ಮೇಲೆಯೇ ಇತ್ತು. ಅಂದಿನಿಂದ ಗುಂಡಿ ಒತ್ತಿದರೂ ಚಾರ್ಜರಿಗೆ ಹಾಕಿದರೂ ಮಿಣುಕು ಬೆಳಕೂ ಇಲ್ಲ. ನೀರಿಗೆ ಬಿದ್ದಿಲ್ಲ, ಕೈಜಾರಿ ಬಿದ್ದದ್ದೂ ಇಲ್ಲ.

ಪ್ಲೇಯರ್ ಹೋದರೆ ಹೋಗಲಿ. ಅದರಲ್ಲಿ ಧ್ವನಿಮುದ್ರಣದ ಸೌಲಭ್ಯವಿತ್ತು. 2012ರಿಂದ 2016ರವರೆಗೆ ನನ್ನ ಅಜ್ಜಿ ಹಾಡಿದ ಹದಿಮೂರು ಹಾಡುಗಳು ಅದರಲ್ಲಿವೆ: ಹಸೆ ಹಾಡು, ಎಣ್ಣೆ ಅರಿಶಿನದ ಹಾಡು, ತೊಟ್ಟಿಲ ಹಾಡು. ಅಜ್ಜಿ ಕಳೆದ ಮಾಘದಲ್ಲಿ ತೀರಿಕೊಂಡರು. ಈ ಹಾಡುಗಳ ಪ್ರತಿ ಬೇರೆಲ್ಲೂ ಇಲ್ಲ. ಇಲ್ಲಿ ಮಳೆ ಬಿಟ್ಟಿಲ್ಲ, ಕರೆಂಟು ದಿನಕ್ಕೆ ಮೂರು ನಾಲ್ಕು ಗಂಟೆ ಬಂದರೆ ಹೆಚ್ಚು. ಏನು ಮಾಡಬೇಕು, ಏನು ಮಾಡಬಾರದು, ತಿಳಿದವರು ಹೇಳಿ.

ತೀರ್ಥಹಳ್ಳಿ ತೋಟ
ಜುಲೈ 11, ರಾತ್ರಿ 9.48

ಮೊದಲು ಸುಲಭದ್ದನ್ನು ನೋಡಿಬಿಡಿ ಅಕ್ಕ. ಪಕ್ಕದಲ್ಲಿ ಗುಂಡಿಗಳಿಗೆ ಬೀಗ ಹಾಕುವ ಸಣ್ಣ ಜಾರುಗುಂಡಿ ಇದ್ದರೆ ಅದು ಬೀಗದ ಕಡೆಗೆ ಸರಿದಿದೆಯೇ ನೋಡಿ. ಜೇಬಿನಲ್ಲಿ, ಚೀಲದಲ್ಲಿ ತನ್ನಷ್ಟಕ್ಕೆ ಸರಿದು ಎಷ್ಟೋ ಜನರನ್ನು ಹೆದರಿಸಿದೆ. ಅದು ಸರಿ ಇದ್ದರೆ ಚಾರ್ಜರಿನಿಂದ ತೆಗೆದು, ಆನ್ ಮಾಡುವ ಗುಂಡಿಯನ್ನು ಪೂರ್ತಿ ಮೂವತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗಿನ ಪ್ರೊಸೆಸರ್ ಎಲ್ಲೋ ಸಿಕ್ಕಿಹಾಕಿಕೊಂಡು ಕುಳಿತಿರುತ್ತದೆ. ಬ್ಯಾಟರಿ ಕಳಚಿ ಹಾಕುವಂತಿಲ್ಲವಾದ್ದರಿಂದ ಹೀಗೆ ದೀರ್ಘವಾಗಿ ಒತ್ತುವುದೇ ಅದಕ್ಕೆ ಕರೆಂಟು ತಪ್ಪಿಸಿ ಮತ್ತೆ ಎಬ್ಬಿಸುವ ದಾರಿ.

ಚಕ್ರದ ಗುಂಡಿಯ ಐಪಾಡ್ ಕ್ಲಾಸಿಕ್ ಇಟ್ಟುಕೊಂಡವರು ಈ ಚರ್ಚೆ ಓದುತ್ತಿದ್ದರೆ, ಅದರ ಕ್ರಮ ಬೇರೆ: ಮೆನು ಮತ್ತು ನಡುವಿನ ಗುಂಡಿ ಎರಡನ್ನೂ ಒಟ್ಟಿಗೆ ಎಂಟು ಸೆಕೆಂಡಿನಷ್ಟು ಒತ್ತಬೇಕು.

ಕೊಪ್ಪ ಕಾಫಿ
ಜುಲೈ 11, ರಾತ್ರಿ 10.05

ಥಂಡಿ ಹಿಡಿದಿರಬೇಕು. ಎರಡು ದಿನ ಅಕ್ಕಿ ಡಬ್ಬದಲ್ಲಿ ಹುಗಿದಿಡಿ. ನನ್ನ ಮೊಬೈಲ್ ಹಾಗೆಯೇ ಬದುಕಿತು.

ಬೆಸುಗೆ ಶಿವಮೊಗ್ಗ
ಜುಲೈ 12, ಬೆಳಿಗ್ಗೆ 7.10

ಅಕ್ಕಿ ಬೇಡ. ಇಪ್ಪತ್ತೆರಡು ವರ್ಷಗಳಿಂದ ರೇಡಿಯೋ, ಟೇಪ್‌ರೆಕಾರ್ಡರ್, ಮೊಬೈಲ್ ಬಿಚ್ಚಿ ಜೋಡಿಸುತ್ತಿದ್ದೇನೆ. ಅಕ್ಕಿ ಸುತ್ತಲಿನ ಗಾಳಿಯ ತೇವವನ್ನೇ ಸರಿಯಾಗಿ ಹೀರುವುದಿಲ್ಲ, ಇನ್ನು ಪ್ಲೇಯರಿನ ಒಳಗಿನದನ್ನು ಎಲ್ಲಿಂದ ಎಳೆದೀತು? ಅದರ ಬಿಳಿ ಹುಡಿ ಮಾತ್ರ ಕನೆಕ್ಟರಿನೊಳಗೆ ಸೇರಿ ಅಂಟಾಗುತ್ತದೆ. ಆಷಾಢದಲ್ಲಿ ನಮ್ಮ ಮನೆಗಳ ಅಕ್ಕಿಯೇ ಮೆತ್ತಗಾಗಿರುತ್ತದೆ. ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ, ಔಷಧದ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳು ಐದಾರು ಸಿಕ್ಕರೆ ಬಿಗಿಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಅವುಗಳ ಜೊತೆ ಇಡಿ. ಒಲೆಯ ದಂಡೆಯ ಮೇಲೆ ಮಾತ್ರ ಇಡಬೇಡಿ. ಲಿಥಿಯಂ ಬ್ಯಾಟರಿಗೆ ಬಿಸಿ ಆಗದು.

ನಿಟ್ಟೂರಿನ ತಂಗಿ, ನಿಮಗೆ ನಾಲ್ಕು ಪ್ರಶ್ನೆ. ಯಾವ ಕೇಬಲ್ಲಿನಲ್ಲಿ ಚಾರ್ಜ್ ಮಾಡಿದಿರಿ? ಅದೇ ಕೇಬಲ್ಲಿನಲ್ಲಿ ಈಚೆಗೆ ಹಾಡು ತುಂಬಿದ್ದುಂಟೇ? ಪ್ಲೇಯರಿನ ಹಿಂಬದಿ ನೆಟ್ಟಗಿದೆಯೇ, ಸ್ವಲ್ಪವಾದರೂ ಉಬ್ಬಿದೆಯೇ? ಕಂಪ್ಯೂಟರಿಗೆ ಚುಚ್ಚಿದಾಗ ಏನಾದರೂ ಶಬ್ದ ಬರುತ್ತದೆಯೇ?

ಯಾರು ಏನೇ ಹೇಳಲಿ, ಫಾರ್ಮ್ಯಾಟ್ ಮಾಡಬೇಡಿ, ಎಂದರೆ ಮೆಮೊರಿಯನ್ನು ಅಳಿಸಿ ಹೊಸದಾಗಿ ಸಿದ್ಧಪಡಿಸುವ ಕೆಲಸ ಬೇಡ. ಸಾಫ್ಟ್‌ವೇರ್ ಮತ್ತೆ ತುಂಬಬೇಡಿ.

ನಿಟ್ಟೂರಿನಿಂದ
ಜುಲೈ 12, ಸಂಜೆ 6.30

ಬೀಗದ ಗುಂಡಿ ಸರಿಯಾಗಿಯೇ ಇದೆ. ಮೂವತ್ತು ಸೆಕೆಂಡ್ ಒತ್ತಿದೆ, ಎರಡು ಸಲ. ಏನೂ ಇಲ್ಲ. ಕೇಬಲ್ ಹಳೆಯ ಟಾರ್ಚ್ ಜೊತೆ ಬಂದದ್ದು. ಮೇಜಿನ ಮೇಲೆ ಇಟ್ಟರೆ ಪ್ಲೇಯರ್ ಸ್ವಲ್ಪ ತೊನೆಯುತ್ತದೆ. ಮೊದಲು ಹಾಗೆ ತೊನೆಯುತ್ತಿತ್ತೇ ಎಂದು ನೆನಪಿಲ್ಲ. ಕಂಪ್ಯೂಟರ್ ಭಾವನ ಮನೆಯಲ್ಲಿದೆ, ನಾಳೆ ಹೋಗುತ್ತೇನೆ.

ಬೆಸುಗೆ ಶಿವಮೊಗ್ಗ
ಜುಲೈ 12, ರಾತ್ರಿ 8.15

ತೊನೆಯುತ್ತದೆ ಎಂದರೆ ಬ್ಯಾಟರಿ ಉಬ್ಬಿದೆ. ಈ ಕ್ಷಣದಿಂದ ಚಾರ್ಜಿಗೆ ಹಾಕಬೇಡಿ. ಒತ್ತಿ ಚಪ್ಪಟೆ ಮಾಡಲು ಹೋಗಬೇಡಿ. ಮಲಗುವ ಕೋಣೆಯಲ್ಲೂ ಇಡಬೇಡಿ. ನಾಳೆ ಕಂಪ್ಯೂಟರಿಗೆ ಒಂದೇ ಒಂದು ಸಲ, ಒಂದು ನಿಮಿಷದ ಮಟ್ಟಿಗೆ ಚುಚ್ಚಿ ನೋಡಿ ತೆಗೆಯಿರಿ. ಆದರೆ ಟಾರ್ಚಿನ ಕೇಬಲ್ ಬೇಡ. ಯುಎಸ್‌ಬಿ ಕೇಬಲ್ಲಿನಲ್ಲಿ ನಾಲ್ಕು ತಂತಿ ಇರಬೇಕು: ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಟಾರ್ಚ್, ಟ್ರಿಮ್ಮರ್ ಜೊತೆ ಬರುವ ಅಗ್ಗದ ಕೇಬಲ್ಲುಗಳಲ್ಲಿ ಹಲವು ಸಲ ಕರೆಂಟಿನ ಎರಡೇ ಇರುತ್ತವೆ. ಪ್ಲೇಯರ್ ಜೀವಂತವಿದ್ದರೂ ಕಂಪ್ಯೂಟರಿಗೆ ಸುಳಿವೇ ಸಿಗುವುದಿಲ್ಲ.

ಹೊಸ ಸದಸ್ಯ
ಜುಲೈ 12, ರಾತ್ರಿ 9.02

ಒಂದು ಸಲ ಫಾರ್ಮ್ಯಾಟ್ ಮಾಡಿಸಿದರೆ ಹೊಸದರಂತೆ ಓಡುತ್ತದೆ. ಇಷ್ಟು ಸುತ್ತಾಟ ಯಾಕೆ?

ರೇಡಿಯೋ ಕೇಳುಗ ಭದ್ರಾವತಿ
ಜುಲೈ 12, ರಾತ್ರಿ 9.30

ಹೊಸ ಸದಸ್ಯರೇ, ನೀವು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ. ಆದರೂ ಇದನ್ನು ಓದಿ. ನಮ್ಮ ತಂದೆ ತಾಳಮದ್ದಳೆಯ ಅರ್ಥಧಾರಿ, ಎಂದರೆ ವೇಷವಿಲ್ಲದೆ ಕುಳಿತು ಯಕ್ಷಗಾನದ ಪಾತ್ರದ ಮಾತು ಆಡುವವರು. ದೊಡ್ಡ ಹೆಸರಿನವರಲ್ಲ, ಊರ ದೇವಸ್ಥಾನದಲ್ಲಿ, ಶ್ರಾವಣದ ಕೂಟಗಳಲ್ಲಿ ಕೂರುತ್ತಿದ್ದವರು. ಅವರ ಆರು ರಾತ್ರಿಗಳ ಮಾತು ಒಂದು ಮೆಮೊರಿ ಕಾರ್ಡಿನಲ್ಲಿತ್ತು. ಕಾರ್ಡ್ ಓದುತ್ತಿಲ್ಲ ಎಂದು ಒಂದು ಅಂಗಡಿಗೆ ಕೊಟ್ಟೆ. ಹತ್ತು ನಿಮಿಷದಲ್ಲಿ ಸರಿಮಾಡಿ ಕೈಗಿಟ್ಟರು. ಕಾರ್ಡ್ ಖಾಲಿ ಇತ್ತು. ಆ ಹುಡುಗ ಸಂಭ್ರಮದಿಂದ ಅದಕ್ಕೆ ಸಿನಿಮಾ ಹಾಡುಗಳನ್ನು ತುಂಬಿಯೂ ಕೊಟ್ಟಿದ್ದ. ಬರೀ ಫಾರ್ಮ್ಯಾಟ್ ಆಗಿದ್ದರೆ ಏನಾದರೂ ಸಿಗುತ್ತಿತ್ತೋ ಏನೋ, ಅದರ ಮೇಲೆ ಹೊಸದು ಕುಳಿತ ಮೇಲೆ ಹುಡುಕಲು ಏನೂ ಉಳಿಯಲಿಲ್ಲ. ಕರ್ಣಭೇದದ ರಾತ್ರಿ ತಂದೆ ಆಡಿದ ಮಾತುಗಳಲ್ಲಿ ನನಗೀಗ ನಾಲ್ಕು ವಾಕ್ಯ ನೆನಪಿದೆ.

ನಿಟ್ಟೂರಿನ ಅಕ್ಕ, ಬೆಸುಗೆಯವರು ಹೇಳಿದಂತೆಯೇ ಮಾಡಿ.

ಹೊಸ ಸದಸ್ಯ
ಜುಲೈ 12, ರಾತ್ರಿ 9.41

ಕ್ಷಮಿಸಿ, ನನಗೆ ತಿಳಿದಿರಲಿಲ್ಲ.

ನಿಟ್ಟೂರಿನಿಂದ
ಜುಲೈ 13, ಮಧ್ಯಾಹ್ನ 3.15

ಭಾವನ ಕ್ಯಾಮೆರಾದ ಕೇಬಲ್ ಹಾಕಿದೆವು. ಕಂಪ್ಯೂಟರ್ 'ಟಿಂಗ್' ಎಂದಿತು! ಎರಡು ಸೆಕೆಂಡಿಗೆ ಮತ್ತೆ ಹೋದ ಶಬ್ದ. ಮತ್ತೆ ಟಿಂಗ್, ಮತ್ತೆ ಹೋಯಿತು. ಹೀಗೆ ಎಂಟು ಹತ್ತು ಸಲ. ಪರದೆಯ ಮೇಲೆ ಡ್ರೈವ್ ಏನೂ ಕಾಣಿಸಲಿಲ್ಲ. ತೆಗೆದಿಟ್ಟೆವು.

ಬೆಸುಗೆ ಶಿವಮೊಗ್ಗ
ಜುಲೈ 13, ಮಧ್ಯಾಹ್ನ 3.40

ಬಹಳ ಒಳ್ಳೆಯ ಸುದ್ದಿ ತಂಗಿ. ಪ್ರೊಸೆಸರ್ ಬದುಕಿದೆ. ಆಗುತ್ತಿರುವುದು ಇಷ್ಟೇ: ಕೇಬಲ್ಲಿನಿಂದ ಕರೆಂಟು ಸಿಕ್ಕ ಕೂಡಲೇ ಅದು ಏಳುತ್ತದೆ, ಕಂಪ್ಯೂಟರಿಗೆ ತನ್ನ ಗುರುತು ಹೇಳುತ್ತದೆ. ಅಷ್ಟರಲ್ಲಿ ಬ್ಯಾಟರಿಯ ಆಸರೆ ಸಾಲದೆ ವೋಲ್ಟೇಜ್ ಕುಸಿದು ಮತ್ತೆ ಮಲಗುತ್ತದೆ. ಇಂಥ ಎಷ್ಟೋ ಪ್ಲೇಯರುಗಳು ಒಳಗೆ ಸರಿಯಾದ ಬ್ಯಾಟರಿ ಇಲ್ಲದೆ ಬರೀ ಕೇಬಲ್ಲಿನ ಮೇಲೆ ನಿಲ್ಲುವುದಿಲ್ಲ.

ಅರ್ಧ ಚಾರ್ಜ್ ತೋರಿಸುತ್ತಾ ಇದ್ದಕ್ಕಿದ್ದಂತೆ ನಿಂತದ್ದಕ್ಕೂ ಕಾರಣ ಇದೇ. ಲಿಥಿಯಂ ಬ್ಯಾಟರಿ ತುಂಬಿದಾಗ 4.2 ವೋಲ್ಟ್, ಸಾಮಾನ್ಯವಾಗಿ 3.7ರ ಆಸುಪಾಸು. ಮುದಿಯಾದಂತೆ ಅದರ ಒಳಗಿನ ತಡೆ ಏರುತ್ತದೆ. ಸುಮ್ಮನಿರುವಾಗ ವೋಲ್ಟೇಜ್ ಸರಿಯಾಗಿಯೇ ಕಾಣುತ್ತದೆ, ಗುರುತೂ ಅರ್ಧ ಎನ್ನುತ್ತದೆ. ಪರದೆ ಹೊತ್ತಿಕೊಂಡು, ಹಾಡು ಓದಿ, ಒಟ್ಟಿಗೆ ಹೆಚ್ಚು ಕರೆಂಟು ಎಳೆದ ಗಳಿಗೆಯಲ್ಲಿ ಥಟ್ಟನೆ ಕೆಳಗಿಳಿಯುತ್ತದೆ.

ಭಾವನಿಗೆ ಬಿಚ್ಚುವ ಅಭ್ಯಾಸ ಇದೆಯೇ?

ನಿಟ್ಟೂರಿನಿಂದ
ಜುಲೈ 13, ಸಂಜೆ 5.00

ಪಂಪ್‌ಸೆಟ್ಟಿನ ಸ್ಟಾರ್ಟರ್, ಮಿಕ್ಸಿ ಎಲ್ಲ ಅವರೇ ರಿಪೇರಿ ಮಾಡುತ್ತಾರೆ. ಮಲ್ಟಿಮೀಟರ್ ಇದೆ. ಇಷ್ಟು ಸಣ್ಣದನ್ನು ಮುಟ್ಟಿಲ್ಲ. ಮುಂದಿನ ವಾರ ಅವರು ಶಿವಮೊಗ್ಗಕ್ಕೆ ಬರುವವರಿದ್ದಾರೆ.

ಬೆಸುಗೆ ಶಿವಮೊಗ್ಗ
ಜುಲೈ 13, ಸಂಜೆ 5.35

ಹಾಗಾದರೆ ಬ್ಯಾಟರಿಯನ್ನು ಅಲ್ಲಿಯೇ ಬೇರ್ಪಡಿಸಿ, ಪ್ಲೇಯರ್ ಮಾತ್ರ ತರಲಿ. ಉಬ್ಬಿದ ಬ್ಯಾಟರಿ ಬಸ್ಸಿನಲ್ಲಿ ಜನರ ನಡುವೆ ಬರಬಾರದು. ಹಗಲು ಬೆಳಕಿನಲ್ಲಿ, ಜಗಲಿಯ ಕಲ್ಲಿನ ಮೇಲೆ ಕೂರಲಿ. ಚಾಕು, ಸ್ಕ್ರೂಡ್ರೈವರ್ ತೂರಿಸಿ ಮೀಟುವುದು ಬೇಡ. ಹಳೆಯ ಎಟಿಎಂ ಕಾರ್ಡಿನ ಮೂಲೆ ಕತ್ತರಿಸಿ ಅದರಿಂದ ಅಂಚನ್ನು ಬಿಡಿಸಲಿ. ಬ್ಯಾಟರಿಯ ತಂತಿಗಳನ್ನು ಒಂದೊಂದಾಗಿಯೇ ಕತ್ತರಿಸಬೇಕು: ಮೊದಲು ಕೆಂಪು, ಅದರ ತುದಿಗೆ ಟೇಪ್ ಸುತ್ತಿ, ಆಮೇಲೆ ಕಪ್ಪು. ಎರಡೂ ಒಟ್ಟಿಗೆ ಕತ್ತರಿಯ ಬಾಯಿಗೆ ಸಿಕ್ಕರೆ ಕತ್ತರಿಯ ಲೋಹವೇ ಅವೆರಡನ್ನೂ ಸೇರಿಸಿ ಶಾರ್ಟ್ ಮಾಡುತ್ತದೆ. ಎಷ್ಟು ತಂತಿ ಇವೆ ಎಂದು ಎಣಿಸಿ ಫೋಟೋ ತೆಗೆದಿಡಿ. ತೆಗೆದ ಬ್ಯಾಟರಿಯನ್ನು ಒಣಮರಳು ತುಂಬಿದ ತಗಡಿನ ಡಬ್ಬದಲ್ಲಿ ಹುಗಿದು ಮನೆಯಿಂದ ದೂರ ಇಡಿ. ಗೊಬ್ಬರಗುಂಡಿಗೆ ಎಸೆಯಬೇಡಿ.

ನಿಟ್ಟೂರಿನಿಂದ
ಜುಲೈ 15, ಮಧ್ಯಾಹ್ನ 12.20

ಇವತ್ತು ಹತ್ತು ಗಂಟೆಗೆ ಸ್ವಲ್ಪ ಹೊಳವಾಯಿತು, ಬಿಚ್ಚಿದೆವು. ಮುಚ್ಚಳ ಏಳುತ್ತಿದ್ದಂತೆ ಒಂಥರಾ ಸಿಹಿಯಾದ, ಉಗುರಿನ ಬಣ್ಣದಂಥ ವಾಸನೆ ಬಂತು. ಭಾವ ಕೂಡಲೇ ಮುಖ ಹಿಂದೆ ತೆಗೆದರು. ಬ್ಯಾಟರಿ ಬೆಳ್ಳಿಬಣ್ಣದ ಪೊಟ್ಟಣ, ನಡುವೆ ಹಪ್ಪಳದ ಗುಳ್ಳೆಯಂತೆ ಉಬ್ಬಿ ಒಂದು ಮೂಲೆಯಲ್ಲಿ ಸುಕ್ಕು. ಮೂರು ತಂತಿ: ಕೆಂಪು, ಕಪ್ಪು, ಬಿಳಿ. ಮೀಟರಿನಲ್ಲಿ 2.3 ವೋಲ್ಟ್. ತಂತಿ ಸೇರುವ ಜಾಗದಲ್ಲಿ ಮೈಲುತುತ್ತದ ಬಣ್ಣದ ಹುಡಿ. ಅಡಿಕೆಗೆ ಹೊಡೆಯುವ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣದ ಡ್ರಮ್ಮಿನ ಅಂಚಿನಲ್ಲಿ ಕಟ್ಟಿಕೊಳ್ಳುತ್ತದಲ್ಲ, ಥೇಟ್ ಅದೇ.

ನೀವು ಹೇಳಿದ ಹಾಗೆಯೇ ಒಂದೊಂದು ತಂತಿ ಕತ್ತರಿಸಿದರು. ನಾನು ಟೇಪ್ ಹಿಡಿದು ನಿಂತಿದ್ದೆ. ಡಬ್ಬ ಈಗ ತೋಟದ ಅಂಚಿನ ಹಳೆಯ ಗೂಡಿನಲ್ಲಿದೆ.

ತೀರ್ಥಹಳ್ಳಿ ತೋಟ
ಜುಲೈ 15, ಮಧ್ಯಾಹ್ನ 12.50

ಅದು ತಾಮ್ರದ ಕಿಲುಬು. ಮೈಲುತುತ್ತವೂ ತಾಮ್ರದ್ದೇ ಲವಣವಾದ್ದರಿಂದ ಬಣ್ಣ ಒಂದೇ. ಆಗುಂಬೆಯ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಸುರಿಯುತ್ತದೆ, ನಿಮ್ಮ ನಿಟ್ಟೂರು ಸೀಮೆಯೇನೂ ಕಡಿಮೆಯಿಲ್ಲ. ನೀರಿಗೆ ಬೀಳಲೇಬೇಕೆಂದಿಲ್ಲ ಅಕ್ಕ, ನಮ್ಮ ಗಾಳಿಯೇ ಸಾಕು.

ಬೆಸುಗೆ ಶಿವಮೊಗ್ಗ
ಜುಲೈ 15, ಮಧ್ಯಾಹ್ನ 1.30

2.3ಕ್ಕೆ ಇಳಿದು ಉಬ್ಬಿದ ಬ್ಯಾಟರಿಯನ್ನು ಯಾರೂ ಎಬ್ಬಿಸಲು ಹೋಗಬಾರದು. ಅಷ್ಟು ಕೆಳಗಿಳಿದಾಗ ಒಳಗಿನ ತಾಮ್ರದ ಹಾಳೆಯೇ ಕರಗತೊಡಗಿರಬಹುದು, ಮತ್ತೆ ಚಾರ್ಜ್ ಮಾಡಿದರೆ ಒಳಗೇ ಶಾರ್ಟ್ ಆಗಬಹುದು. ಪ್ಲೇಯರನ್ನು ಭಾವನ ಕೈಯಲ್ಲಿ ಕಳಿಸಿ. ವಿಳಾಸ ಖಾಸಗಿ ಸಂದೇಶದಲ್ಲಿ ಕೊಟ್ಟಿದ್ದೇನೆ. ಹಣದ ಮಾತು ಬೇಡ.

ಬೆಸುಗೆ ಶಿವಮೊಗ್ಗ
ಜುಲೈ 19, ರಾತ್ರಿ 11.15

ಪ್ಲೇಯರ್ ನಿನ್ನೆ ತಲುಪಿತು. ಇಲ್ಲಿ ವಿವರವಾಗಿ ಬರೆಯುತ್ತೇನೆ, ಇನ್ನೊಬ್ಬರಿಗೆ ಬೇಕಾದೀತು.

ಕಿಲುಬನ್ನು ಐಸೋಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದೆ. ಕೆಳಗೆ ತಾಮ್ರದ ಒಂದು ಗೆರೆ ಅರ್ಧ ತಿಂದುಹೋಗಿತ್ತು, ಕೂದಲೆಳೆಯ ತಂತಿಯಿಂದ ಸೇತುವೆ ಕಟ್ಟಿದೆ. ಅಳತೆಗೆ ಹೊಂದುವ ಬ್ಯಾಟರಿ ಸಿಗಲಿಲ್ಲ. ಇನ್ನೊಂದು ಸಾಧನದಿಂದ ತೆಗೆದ, ರಕ್ಷಣಾ ಸರ್ಕಿಟ್ ಇರುವ ಒಳ್ಳೆಯ 3.7 ವೋಲ್ಟಿನದನ್ನು ಹೊರಗೇ ಇಟ್ಟು ತಂತಿ ಎಳೆದು ಬೆಸೆದೆ. ಬಿಳಿ ತಂತಿ ಬ್ಯಾಟರಿಯ ಬಿಸಿ ಅಳೆಯುವ ಥರ್ಮಿಸ್ಟರಿನದು. ಅದು ಇಲ್ಲದಿದ್ದರೆ ಕೆಲವು ಪ್ಲೇಯರುಗಳು ಏಳಲು ಒಪ್ಪುವುದಿಲ್ಲ, ಇದೂ ಒಪ್ಪಲಿಲ್ಲ. ಅದರ ಜಾಗಕ್ಕೆ ಹತ್ತು ಕಿಲೋ ಓಮಿನ ರೆಸಿಸ್ಟರ್ ಹಾಕಿದೆ. ಇದನ್ನು ಮನೆಯಲ್ಲಿ ಯಾರೂ ಶಾಶ್ವತ ಪರಿಹಾರವಾಗಿ ಮಾಡಬೇಡಿ: ಬ್ಯಾಟರಿ ಎಷ್ಟೇ ಬಿಸಿಯಾದರೂ ಪ್ಲೇಯರಿಗೆ ಗೊತ್ತಾಗುವುದಿಲ್ಲ. ನಾನು ಪಕ್ಕದಲ್ಲೇ ಕುಳಿತು, ಒಂದು ರಾತ್ರಿಯ ಕೆಲಸಕ್ಕೆ ಮಾಡಿಕೊಂಡದ್ದು.

ಪರದೆ ಹೊತ್ತಿಕೊಂಡಿತು, ಕಂಪನಿಯ ಹೆಸರಿನ ಮೇಲೆಯೇ ನಿಂತಿತು. ಕಂಪ್ಯೂಟರಿಗೆ ಹಾಕಿದರೆ ಡ್ರೈವ್ ಬಂತು, 'ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?' ಎಂದು ಕೇಳಿತು. ನಮ್ಮ ಜನ ಬಹಳಷ್ಟು ಕಳೆದುಕೊಳ್ಳುವುದು ಈ ಪ್ರಶ್ನೆಗೆ ಹೌದು ಎಂದು ಉತ್ತರಿಸಿ. ಬೇಡ ಎಂದು ಒತ್ತಿ, ಲಿನಕ್ಸ್ ಇರುವ ಕಂಪ್ಯೂಟರಿಗೆ ಬದಲಿಸಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ ಇಡೀ ಮೆಮೊರಿಯ ಅಚ್ಚು ತೆಗೆದೆ. ಮೂಲಕ್ಕೆ ಒಂದಕ್ಷರವನ್ನೂ ಬರೆಯದೆ ಮೊದಲಿನಿಂದ ಕೊನೆಯವರೆಗೆ ನಕಲು ಮಾಡುವುದು ಎಂದರ್ಥ. ಎರಡು ಕಡೆ ಓದಲಾಗದ ಸಣ್ಣ ತುಣುಕುಗಳು ಸಿಕ್ಕವು, ಉಳಿದದ್ದೆಲ್ಲ ಬಂತು. ಆಮೇಲೆ ಪ್ಲೇಯರನ್ನು ಬದಿಗಿಟ್ಟು ನಕಲಿನ ಮೇಲೆ ಮಾತ್ರ ಕೆಲಸ ಮಾಡಿದೆ. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಫೈಲುಗಳ ತಲೆಗುರುತು, ಎಂದರೆ ಅವುಗಳ ಆರಂಭದಲ್ಲಿರುವ ಗುರುತು ಹುಡುಕಿ ಅವನ್ನು ಹೊರತೆಗೆಯುತ್ತದೆ. ಹೆಸರು, ದಿನಾಂಕ ಉಳಿಯುವುದಿಲ್ಲ.

ತಂಗಿ, ಹದಿಮೂರು ಧ್ವನಿಮುದ್ರಣಗಳೂ ಸಿಕ್ಕಿವೆ. ಒಂದರಲ್ಲಿ ಅರ್ಧ ಸೆಕೆಂಡ್ ಕರಕರ ಶಬ್ದವಿದೆ, ಅಷ್ಟೇ.

ನಿಟ್ಟೂರಿನಿಂದ
ಜುಲೈ 19, ರಾತ್ರಿ 11.40

ಏನು ಬರೆಯಲಿ ಅಣ್ಣ. ಅಮ್ಮನನ್ನು ಎಬ್ಬಿಸಿ ಹೇಳಿದೆ. ದೇವರ ಮುಂದೆ ದೀಪ ಹಚ್ಚಿ ಬಂದರು.

ಒಂದು ಮಾತು ಕೇಳಬಹುದೇ? ಹದಿನಾಲ್ಕನೆಯದು ಒಂದಿತ್ತು. 2016ರಲ್ಲಿ ಹಾಡಿಸುವಾಗ ನಡುವೆ ಬ್ಯಾಟರಿ ಮುಗಿದು ನಿಂತಿತು. ಚಾರ್ಜ್ ಮಾಡಿ ನೋಡಿದರೆ ಫೈಲ್ ಇತ್ತು, ಗಾತ್ರ ಸೊನ್ನೆ. ಅಳಿಸಿಬಿಟ್ಟೆ. ಆಮೇಲೆ ಅಜ್ಜಿಗೆ ಉಬ್ಬಸ ಹೆಚ್ಚಾಗಿ ಹಾಡಲಿಲ್ಲ. ನಾನೂ ಅದರಲ್ಲಿ ಮತ್ತೇನೂ ತುಂಬಲಿಲ್ಲ, ಇದ್ದದ್ದನ್ನೇ ಕೇಳುತ್ತಿದ್ದೆ.

ಬೆಸುಗೆ ಶಿವಮೊಗ್ಗ
ಜುಲೈ 20, ಬೆಳಿಗ್ಗೆ 6.05

ಮತ್ತೇನೂ ತುಂಬಲಿಲ್ಲ ಎಂದಿರಿ. ನೋಡುತ್ತೇನೆ.

ಬೆಸುಗೆ ಶಿವಮೊಗ್ಗ
ಜುಲೈ 20, ರಾತ್ರಿ 10.30

ಧ್ವನಿಯನ್ನು ಬರೆದುಕೊಳ್ಳುತ್ತಾ ಹೋಗುವ ಪ್ಲೇಯರ್, ಫೈಲಿನ ಒಟ್ಟು ಉದ್ದವನ್ನು ಕೊನೆಯಲ್ಲಿ, ನಿಲ್ಲಿಸುವ ಗುಂಡಿ ಒತ್ತಿದಾಗ ದಾಖಲಿಸುತ್ತದೆ. ನಡುವೆ ಕರೆಂಟು ಹೋದರೆ ಉದ್ದ ಸೊನ್ನೆ ಎಂದೇ ಉಳಿಯುತ್ತದೆ, ಆದರೆ ಅಷ್ಟರವರೆಗಿನ ಧ್ವನಿ ಮೆಮೊರಿಯಲ್ಲಿ ಬಿದ್ದಿರುತ್ತದೆ. ನೀವು ಅಳಿಸಿದ್ದು ಪಟ್ಟಿಯಲ್ಲಿನ ಹೆಸರನ್ನು ಮಾತ್ರ. ಅಚ್ಚಿನಲ್ಲಿ ಹದಿಮೂರನೆಯ ಫೈಲ್ ಮುಗಿದಲ್ಲಿಂದ ಮುಂದೆ ಹುಡುಕಿದೆ. ತಲೆಗುರುತು ಒಂದಿತ್ತು, ಅದರ ಹಿಂದೆ ಎಂಟು ಎಂಬಿಯಷ್ಟು ಮಾಹಿತಿ.

ಆ ತುಂಡನ್ನು ಕತ್ತರಿಸಿ ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಕಚ್ಚಾ ಮಾಹಿತಿಯಾಗಿ ತೆರೆದೆ. ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ಬರೆದಿದೆ ಎಂಬುದಕ್ಕೆ ಮೊದಲು 44,100 ಎಂದು ಕೊಟ್ಟೆ. ಪುಟ್ಟ ಹಕ್ಕಿಯೊಂದು ಗಡಿಬಿಡಿಯಲ್ಲಿ ಉಲಿದಂತೆ ಕೇಳಿಸಿತು. ಉಳಿದ ಹದಿಮೂರನ್ನು ಪರೀಕ್ಷಿಸಿದರೆ ಎಲ್ಲವೂ 16,000ದವು, ಒಂದೇ ಚಾನೆಲ್. ನಾನು ಎರಡೂಮುಕ್ಕಾಲು ಪಟ್ಟು ವೇಗದಲ್ಲಿ ಓಡಿಸುತ್ತಿದ್ದೆ. ಸಂಖ್ಯೆ ತಿದ್ದಿ ಮತ್ತೆ ಒತ್ತಿದೆ. ಹಕ್ಕಿ ಹೋಗಿ ಅಜ್ಜಿ ಬಂದರು. ನಾಲ್ಕು ನಿಮಿಷ ಹತ್ತು ಸೆಕೆಂಡ್. ಮೂರನೆಯ ನುಡಿಯ ನಡುವೆ ನಿಲ್ಲುತ್ತದೆ, ಮುಂದಿನದು ಇಲ್ಲ.

ಎಲ್ಲವನ್ನೂ ಎರಡು ಪೆನ್‌ಡ್ರೈವಿಗೆ ಹಾಕಿ ಭಾವನ ಕೈಗೆ ಕೊಟ್ಟಿದ್ದೇನೆ. ಒಂದನ್ನು ಅಣ್ಣನ ಮನೆಯಲ್ಲಿಡಿ, ಎರಡೂ ಒಂದೇ ಕಪಾಟಿನಲ್ಲಿ ಬೇಡ. ಮೂರನೆಯ ಪ್ರತಿಯನ್ನು ಅಂತರಜಾಲದ ನಿಮ್ಮ ಖಾತೆಗೆ ಏರಿಸಿಕೊಳ್ಳಿ. ಪ್ಲೇಯರಿನ ಚಾರ್ಜಿಂಗ್ ಭಾಗ ಕಿಲುಬಿನಲ್ಲಿ ಹೋಗಿದೆ, ಅದನ್ನು ನೆನಪಿಗೆ ಇಟ್ಟುಕೊಳ್ಳಬಹುದು, ಬಳಸಲಾಗದು.

ನಿಟ್ಟೂರಿನಿಂದ
ಜುಲೈ 21, ರಾತ್ರಿ 8.50

ಕೇಳಿದೆವು. ಹಿನ್ನೆಲೆಯಲ್ಲಿ ಹಂಚಿನ ಮೇಲೆ ಮಳೆ, ನಮ್ಮ ಹಳೆಯ ಕೌಲಿ ಹಸುವಿನ ಗಂಟೆ. ಎರಡನೆಯ ನುಡಿ ಮುಗಿಸಿ ಅಜ್ಜಿ ಉಸಿರು ತೆಗೆದುಕೊಂಡು, 'ಇದು ನಿನ್ನ ಅಮ್ಮನ ಮದುವೆಯಲ್ಲಿ ಹೇಳಿದ್ದೆ' ಎನ್ನುತ್ತಾರೆ. ಅಮ್ಮನಿಗೆ ಆ ಮಾತು ಗೊತ್ತೇ ಇರಲಿಲ್ಲ.

ಹಾಡುಗಳನ್ನು ಬರೆದಿಡುತ್ತಿದ್ದೇನೆ. ಹದಿನಾಲ್ಕನೆಯದರಲ್ಲಿ ಒಂದು ಪದ ಬಿಡಿಸಲಾಗುತ್ತಿಲ್ಲ. ಮದುಮಗಳ ಮುಡಿಗೆ ಏನನ್ನೋ ಮುಡಿಸುವ ಸಾಲು. ನನಗೆ 'ಶೃಂಗಾರ' ಎಂದು ಕೇಳಿಸುತ್ತದೆ, ಆದರೆ ಶೃಂಗಾರವನ್ನು ಮುಡಿಯುವುದು ಹೇಗೆ?

ಸಾಗರದ ಸೊಸೆ
ಜುಲೈ 21, ರಾತ್ರಿ 9.25

ಇಷ್ಟು ದಿನ ಓದುತ್ತಿದ್ದೆ, ಬರೆದಿರಲಿಲ್ಲ. ಅದು 'ಸಿಂಗಾರ' ಇರಬೇಕು ಅಕ್ಕ. ಅಡಿಕೆಯ ಹೂಗೊನೆ. ಹಾಳೆ ಬಿರಿದು ಹೊರಬರುವಾಗ ಎಳೆಯ ಅಕ್ಕಿಯ ಬಣ್ಣಕ್ಕಿರುತ್ತದೆಯಲ್ಲ, ಅದನ್ನೇ ಹಿಂಗಾರ ಎಂದೂ ಹೇಳುತ್ತೇವೆ. ನಮ್ಮ ಅತ್ತೆ ಇದೇ ಧಾಟಿಯ ಹಾಡೊಂದನ್ನು ಹೇಳುತ್ತಾರೆ, ಅದರಲ್ಲೂ ಮುಡಿಗೆ ಸಿಂಗಾರ ಬರುತ್ತದೆ. ಅತ್ತೆಗೆ ಎಪ್ಪತ್ತೊಂಬತ್ತು. ನಿಮ್ಮ ಮೂರನೆಯ ನುಡಿ ನಿಂತಲ್ಲಿಂದ ಮುಂದೆ ಅವರಿಗೆ ಬರುತ್ತದೆಯೇ ಎಂದು ಬೆಳಿಗ್ಗೆ ಕೇಳುತ್ತೇನೆ. ಬಂದರೆ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕಳಿಸುತ್ತೇನೆ, ನಮ್ಮಲ್ಲೂ ಒಂದು ಪ್ರತಿ ಇಟ್ಟುಕೊಳ್ಳುತ್ತೇನೆ.